ಕೆಲಸ ಹೋದ ಮೇಲೆ ಮಗುವಿನ ಜೀವನಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್ ಕಂಪನಿ ಒಂದೇ ಇಮೇಲ್‌ನಲ್ಲಿ ಕೆಲಸದಿಂದ ತೆಗೆದಿರಬಹುದು, ಗಾರ್ಮೆಂಟ್ಸ್ ಕಾರ್ಖಾನೆ ಬಾಗಿಲು ಹಾಕಿರಬಹುದು, ಕಾಯಿಲೆ ಬಿದ್ದು ಅಂಗಡಿ ಮುಚ್ಚಿರಬಹುದು. ಗಂಡ ಹೆಂಡತಿ ಬೇರೆಯಾಗಿ, ಮಗುವಿಗೆ ತಿಂಗಳು ತಿಂಗಳು ಇಷ್ಟು ಕೊಡಬೇಕೆಂದು ನ್ಯಾಯಾಲಯ ಆದೇಶಿಸಿದ ಮೇಲೆ ಹೀಗಾದರೆ ಎರಡೂ ಮನೆಗಳಲ್ಲಿ ದಿಗಿಲು ಹುಟ್ಟುತ್ತದೆ. ಒಂದು ಮನೆಯಲ್ಲಿ ಎಲ್ಲಿಂದ ತಂದು ಕೊಡಲಿ ಎಂಬ ಚಿಂತೆ, ಇನ್ನೊಂದರಲ್ಲಿ ಶಾಲೆಯ ಫೀಸು ಹೇಗೆ ಕಟ್ಟಲಿ ಎಂಬ ಚಿಂತೆ. ಕೌಟುಂಬಿಕ ನ್ಯಾಯಾಲಯದ ಪಡಸಾಲೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಚ್ಚಿನ ಪ್ರಕರಣಗಳಲ್ಲಿ ಕೊಡಬೇಕಾದವರು ತಂದೆಯಾದ್ದರಿಂದ ಉತ್ತರಗಳು ಅವರನ್ನು ಉದ್ದೇಶಿಸಿವೆ. ಪಡೆಯುವ ತಾಯಂದಿರ ಪ್ರಶ್ನೆಗಳಿಗೂ ಮುಂದೆ ಉತ್ತರಗಳಿವೆ. ನಿಮ್ಮ ಪ್ರಕರಣದ ವಿವರ ಬೇರೆ ಇರಬಹುದು, ಆದ್ದರಿಂದ ಅರ್ಜಿ ಹಾಕುವ ಮುನ್ನ ವಕೀಲರಿಗೆ ಕಾಗದಪತ್ರ ತೋರಿಸಿ.

ಕೆಲಸ ಹೋಗಿದೆ. ಮುಂದಿನ ತಿಂಗಳಿನಿಂದ ಜೀವನಾಂಶ ತಾನಾಗಿ ನಿಲ್ಲುತ್ತದೆಯೇ?

ಇಲ್ಲ. ನ್ಯಾಯಾಲಯದ ಆದೇಶವನ್ನು ನ್ಯಾಯಾಲಯವೇ ಬದಲಿಸಬೇಕು. ಅಲ್ಲಿಯವರೆಗೆ ಪ್ರತಿ ತಿಂಗಳೂ ಹಳೆಯ ಮೊತ್ತವೇ ನಿಮ್ಮ ಹೆಸರಿಗೆ ಬಾಕಿಯಾಗಿ ಸೇರುತ್ತ ಹೋಗುತ್ತದೆ. ‘ಕೆಲಸವಿಲ್ಲ ಎಂದು ಅವಳಿಗೂ ಗೊತ್ತು, ಅವಳ ವಕೀಲರಿಗೂ ಗೊತ್ತು’ ಎಂದು ಸುಮ್ಮನಿದ್ದವರು ಒಂದು ವರ್ಷದ ನಂತರ ದೊಡ್ಡ ಮೊತ್ತದ ಲೆಕ್ಕ ಎದುರಿಸುತ್ತಾರೆ. ಇಡೀ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ: ಆದಾಯ ನಿಂತ ತಿಂಗಳಲ್ಲೇ ನ್ಯಾಯಾಲಯಕ್ಕೆ ಹೋಗಿ. ತಡ ಮಾಡಿದಷ್ಟೂ ನಷ್ಟ ನಿಮ್ಮದು, ಹಸಿವು ಮಗುವಿನದು.

ಯಾವ ಕಾನೂನಿನ ಅಡಿಯಲ್ಲಿ ಅರ್ಜಿ ಹಾಕಬೇಕು?

ನಿಮ್ಮ ಮೂಲ ಆದೇಶ ಯಾವ ಕಾನೂನಿನಡಿ ಬಂದಿದೆ ಎಂಬುದನ್ನು ಮೊದಲು ನೋಡಿ. ಆದೇಶದ ಮೊದಲ ಪುಟದಲ್ಲೇ ಇರುತ್ತದೆ.

ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಬಂದ ಆದೇಶಗಳೇ ಹೆಚ್ಚು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 125 ಈಗ 144 ಆಗಿದೆ, ಮೊತ್ತವನ್ನು ಬದಲಿಸುವ ಹಳೆಯ 127 ಈಗ 146, ವಸೂಲಿಗೆ ಸಂಬಂಧಿಸಿದ ಹಳೆಯ 128 ಈಗ 147. ಕಲಮಿನ ಸಂಖ್ಯೆ ಬದಲಾಯಿತೆಂದು ಹಳೆಯ ಆದೇಶ ಬಿದ್ದುಹೋಗುವುದಿಲ್ಲ.

ವಿಚ್ಛೇದನದ ಪ್ರಕರಣದಲ್ಲಿ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಗುವಿನ ಪೋಷಣೆ, ಶಿಕ್ಷಣಕ್ಕೆ ಆದೇಶವಾಗಿದ್ದರೆ ಅದೇ ಕಲಮಿನಡಿ ಬದಲಾವಣೆ ಕೇಳಬಹುದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರಲ್ಲಿ 25ನೇ ಕಲಮು ಇದಕ್ಕೆಂದೇ ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ ಆದೇಶವಾದರೆ 25ನೇ ಕಲಮಿನ 2ನೇ ಉಪಕಲಮು. ದಾರಿ ಬೇರೆ ಬೇರೆಯಾದರೂ ಎಲ್ಲದರಲ್ಲೂ ತೋರಿಸಬೇಕಾದದ್ದು ಒಂದೇ, ಆದೇಶವಾದ ಮೇಲೆ ಪರಿಸ್ಥಿತಿ ನಿಜವಾಗಿಯೂ ಬದಲಾಗಿದೆ ಎಂಬುದು.

ಆದೇಶ ಕೊಟ್ಟ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕುವುದು ವಾಡಿಕೆ. ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ.

ಯಾವ ದಾಖಲೆ ಬೇಕು?

ಕೆಲಸದಿಂದ ತೆಗೆದ ಪತ್ರ ಅಥವಾ ಇಮೇಲ್, ಕೊನೆಯ ಕೆಲವು ತಿಂಗಳ ಸಂಬಳದ ಚೀಟಿ, ಅಂತಿಮ ಲೆಕ್ಕ ಚುಕ್ತಾ ಮಾಡಿದ ಕಾಗದ, ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ, ಆದಾಯ ತೆರಿಗೆ ವಿವರ, ಭವಿಷ್ಯ ನಿಧಿಯ ಪಾಸ್‌ಬುಕ್. ಇವುಗಳ ಜೊತೆಗೆ, ಬಹಳ ಮಂದಿ ಮರೆಯುವ ಒಂದು ಕಟ್ಟು ಇದೆ: ಹೊಸ ಕೆಲಸ ಹುಡುಕುತ್ತಿರುವುದಕ್ಕೆ ಪುರಾವೆ. ಅರ್ಜಿ ಹಾಕಿದ ಕಂಪನಿಗಳ ಇಮೇಲ್, ಸಂದರ್ಶನದ ಕರೆ, ತಿರಸ್ಕಾರದ ಉತ್ತರ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಇಟ್ಟುಕೊಳ್ಳಿ. ಕೆಲಸ ಕಳೆದುಕೊಂಡದ್ದನ್ನು ತೋರಿಸುವ ಒಂದು ಪತ್ರಕ್ಕಿಂತ, ಕೆಲಸ ಹುಡುಕುತ್ತಿರುವುದನ್ನು ತೋರಿಸುವ ಇಪ್ಪತ್ತು ಕಾಗದಗಳು ನ್ಯಾಯಾಧೀಶರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟಿಸುತ್ತವೆ.

ಇದಲ್ಲದೆ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಇದನ್ನು ಸಲ್ಲಿಸಬೇಕೆಂದು ನಿಗದಿ ಮಾಡಿತು. ಸಂಬಳ, ಬಾಡಿಗೆ, ಷೇರು, ಚಿನ್ನ, ವಿಮೆ, ಸಾಲ, ಅವಲಂಬಿತರು ಎಲ್ಲವೂ ಅದರಲ್ಲಿ ಬರಬೇಕು. ಊರಿನಲ್ಲಿರುವ ತೋಟದ ಪಾಲನ್ನು ಬಿಟ್ಟು ಬರೆಯುವ ಆಸೆ ಕೆಲವರಿಗೆ ಬರುತ್ತದೆ. ಬೇಡ. ಪಹಣಿಯನ್ನು ಇಂದು ಯಾರು ಬೇಕಾದರೂ ಮೊಬೈಲ್‌ನಲ್ಲಿ ನೋಡಬಹುದು. ಒಂದು ಸುಳ್ಳು ಹೊರಬಿದ್ದರೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ, ಸುಳ್ಳು ಪ್ರಮಾಣಕ್ಕೆ ಪ್ರತ್ಯೇಕ ಕ್ರಮವನ್ನೂ ಎದುರಿಸಬೇಕಾಗುತ್ತದೆ.

ಅರ್ಜಿ ತೀರ್ಮಾನವಾಗುವವರೆಗೆ ಏನೂ ಕೊಡದೆ ಇರಬಹುದೇ?

ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ಆದೇಶಕ್ಕೆ ತಡೆ ಸಿಗುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದು ತಿಂಗಳುಗಳೇ ಕಳೆಯಬಹುದು. ಆದ್ದರಿಂದ ಮೂಲ ಅರ್ಜಿಯ ಜೊತೆಗೇ, ಸದ್ಯಕ್ಕೆ ಕಡಿಮೆ ಮೊತ್ತ ಕಟ್ಟಲು ಅನುಮತಿ ಕೊಡಿ ಎಂದು ಮಧ್ಯಂತರ ಅರ್ಜಿಯನ್ನೂ ಹಾಕಿಸಿ.

ಅಷ್ಟರಲ್ಲಿ ಸಾಧ್ಯವಾದಷ್ಟನ್ನು ಕೊಡುತ್ತಲೇ ಇರಿ. ಹದಿನೈದು ಸಾವಿರದ ಆದೇಶವಿದ್ದು ನಾಲ್ಕು ಸಾವಿರವಷ್ಟೇ ಕೈಯಲ್ಲಿದ್ದರೆ ಆ ನಾಲ್ಕು ಸಾವಿರವನ್ನೇ ಕಳಿಸಿ. ಉಳಿದದ್ದು ಬಾಕಿಯಾಗಿ ನಿಲ್ಲುತ್ತದೆ, ನಿಜ. ಆದರೆ ‘ಸಾಕಷ್ಟು ಕಾರಣವಿಲ್ಲದೆ’ ಕೊಡದೆ ಇದ್ದವರ ಮೇಲೆಯೇ ವಾರಂಟು ಹೊರಡುವುದು, ಮತ್ತು ಪ್ರತಿ ತಿಂಗಳು ಐದನೇ ತಾರೀಕಿಗೆ ತಪ್ಪದೆ ಹೋದ ಚಿಕ್ಕ ಮೊತ್ತಗಳು ನಿಮ್ಮ ಮನಸ್ಸು ಎಲ್ಲಿದೆ ಎಂಬುದಕ್ಕೆ ಸಾಕ್ಷಿ ಹೇಳುತ್ತವೆ. ಬ್ಯಾಂಕ್ ಮೂಲಕ ಅಥವಾ ಯುಪಿಐ ಮೂಲಕ ಕಳಿಸಿ, ಟಿಪ್ಪಣಿಯಲ್ಲಿ ಯಾವ ತಿಂಗಳ ಜೀವನಾಂಶ ಎಂದು ಬರೆಯಿರಿ. ಅತ್ತೆಯ ಕೈಗೋ ಮೈದುನನ ಕೈಗೋ ನಗದು ಕೊಟ್ಟು ಬಂದದ್ದು ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ.

ಮಗುವಿನ ಶಾಲೆಯ ಫೀಸನ್ನು ನೇರವಾಗಿ ಕಟ್ಟಿದ್ದೇನೆ. ಅದನ್ನು ಜೀವನಾಂಶದಲ್ಲಿ ಕಳೆಯಬಹುದೇ?

ಆದೇಶದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಧೈರ್ಯವಾಗಿ ಕಳೆಯಬಹುದು. ತಿಂಗಳಿಗೆ ಇಷ್ಟು ಹಣವನ್ನು ತಾಯಿಯ ಖಾತೆಗೆ ಹಾಕಬೇಕೆಂದು ಆದೇಶವಿದ್ದಾಗ ಫೀಸು, ಬಟ್ಟೆ, ಸೈಕಲ್ ಇವೆಲ್ಲವನ್ನೂ ನೀವಾಗಿ ಕೊಟ್ಟದ್ದು ಎಂದು ಎಣಿಸುವ ಅಪಾಯವಿದೆ. ಹಾಗೆ ಮಾಡಲೇಬೇಕಾದರೆ ತಾಯಿಯಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಫೋನಿನಲ್ಲಿ ಮಾತನಾಡಿಕೊಂಡಿದ್ದೇವೆ. ಆರು ತಿಂಗಳು ಅರ್ಧ ಕೊಟ್ಟರೆ ಸಾಕು ಎಂದಿದ್ದಾಳೆ. ಸಾಲದೇ?

ಒಪ್ಪಂದವಾದದ್ದು ಸಂತೋಷ. ಅದನ್ನು ಅಲ್ಲಿಗೇ ಬಿಡಬೇಡಿ. ನಾಳೆ ಮನಸ್ತಾಪ ಬಂದರೆ ಫೋನಿನ ಮಾತಿಗೆ ಬೆಲೆಯಿಲ್ಲ, ಹಳೆಯ ಆದೇಶದ ಪ್ರಕಾರವೇ ಬಾಕಿಯ ಲೆಕ್ಕ ಬರುತ್ತದೆ. ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊ ಸಲ್ಲಿಸಿ, ನ್ಯಾಯಾಲಯದಿಂದ ಆದೇಶ ಮಾಡಿಸಿಕೊಳ್ಳಿ. ಮಾತು ಕೂಡಿಬರದಿದ್ದರೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿಕೊಡಿ ಎಂದು ಕೇಳಬಹುದು. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಜಿಲ್ಲೆಗಳಲ್ಲೂ ಇಂತಹ ಕೇಂದ್ರಗಳಿವೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುವುದರಿಂದ ಎಷ್ಟು ಸಾಲವಿದೆ, ಎಷ್ಟು ಉಳಿದಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಇಬ್ಬರಿಗೂ ಸುಲಭ.

ಇನ್ನೊಂದು ಎಚ್ಚರ: ‘ನನಗೂ ಬೇಡ, ಮಗುವಿಗೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಮುಗಿದಂತಲ್ಲ. ಅದು ಮಗುವಿನ ಹಕ್ಕು. ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗಿಲ್ಲ ಎಂಬ ನಿಲುವನ್ನು ನ್ಯಾಯಾಲಯಗಳು ಮತ್ತೆ ಮತ್ತೆ ತಾಳಿವೆ.

‘ಆದಾಯವಿಲ್ಲ’ ಎಂದರೆ ನ್ಯಾಯಾಧೀಶರು ಒಪ್ಪುತ್ತಾರೆಯೇ?

ಬರೀ ಬಾಯಿಮಾತಿಗೆ ಒಪ್ಪುವುದಿಲ್ಲ. ಕೈಗೆ ಬರುವ ಹಣವನ್ನಷ್ಟೇ ಅಲ್ಲದೆ ದುಡಿಯುವ ಶಕ್ತಿಯನ್ನೂ ನ್ಯಾಯಾಲಯ ನೋಡುತ್ತದೆ. ಓದು, ಅನುಭವ, ವಯಸ್ಸು, ಆರೋಗ್ಯ, ಹಿಂದಿನ ಸಂಬಳ, ಈಗಿನ ಬದುಕಿನ ರೀತಿ ಇವೆಲ್ಲವೂ ತೂಕಕ್ಕೆ ಬರುತ್ತವೆ.

ಎರಡು ತೀರ್ಪುಗಳನ್ನು ತಿಳಿದಿದ್ದರೆ ಒಳ್ಳೆಯದು. 2015ರ ಶಮೀಮಾ ಫಾರೂಕಿ ಪ್ರಕರಣದಲ್ಲಿ ಗಂಡ ಸೇನೆಯಿಂದ ನಿವೃತ್ತರಾದರೆಂದು ಹೈಕೋರ್ಟ್ ಹೆಂಡತಿಯ ಜೀವನಾಂಶವನ್ನು 4,000 ರೂಪಾಯಿಯಿಂದ 2,000ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಮರಳಿ 4,000ಕ್ಕೇ ತಂದಿತು. ಗಟ್ಟಿಮುಟ್ಟಾದ ಮನುಷ್ಯ ಕೆಲಸವಿಲ್ಲ, ವ್ಯಾಪಾರ ನಡೆಯುತ್ತಿಲ್ಲ ಎಂದು ಹೇಳುವುದು ಬರೀ ನೆಪ ಎಂಬುದು ಅದರ ಸಾರ. 2022ರ ಅಂಜು ಗರ್ಗ್ ಪ್ರಕರಣದಲ್ಲಿ, ವ್ಯಾಪಾರ ಮುಚ್ಚಿದೆ, ಆದಾಯವಿಲ್ಲ ಎಂದ ಗಂಡನಿಗೆ, ದೇಹದಲ್ಲಿ ಶಕ್ತಿಯಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮತ್ತು ಮಕ್ಕಳನ್ನು ಸಾಕಬೇಕು ಎಂದು ಕೋರ್ಟ್ ಹೇಳಿತು. ಮಗನಿಗೆ ಗೊತ್ತಾಗಿದ್ದ 6,000 ರೂಪಾಯಿಯ ಮೇಲೆ ಹೆಂಡತಿಗೆ 10,000 ರೂಪಾಯಿ ಕೊಡುವಂತೆ ಆದೇಶವಾಯಿತು.

ಇವನ್ನು ಓದಿ ಎದೆಗುಂದಬೇಕಿಲ್ಲ. ಕೊಡುವ ಮನಸ್ಸಿಲ್ಲದೆ ಕೈಚೆಲ್ಲಿದವರಿಗೆ ಸಿಕ್ಕ ಉತ್ತರಗಳಿವು. ಒಂದೂವರೆ ಲಕ್ಷ ಸಂಬಳವಿದ್ದು ಈಗ ನಲವತ್ತು ಸಾವಿರದ ಕೆಲಸಕ್ಕೆ ಸೇರಿದ್ದೇನೆ ಎಂದು ಕಾಗದ ಸಮೇತ ಬಂದವರ ಮಾತು ಬೇರೆ. ಪೂರ್ತಿ ರದ್ದು ಮಾಡಿ ಎಂದು ಕೇಳುವುದಕ್ಕಿಂತ, ಇಷ್ಟಕ್ಕೆ ಇಳಿಸಿ, ಇಷ್ಟು ತಿಂಗಳ ನಂತರ ಮತ್ತೆ ಪರಿಶೀಲಿಸಿ ಎಂದು ಕೇಳಿದ ಅರ್ಜಿಗೆ ನ್ಯಾಯಾಲಯ ಕಿವಿಗೊಡುವ ಸಾಧ್ಯತೆ ಹೆಚ್ಚು.

ನಾನೇ ರಾಜೀನಾಮೆ ಕೊಟ್ಟೆ. ಈಗ ಕಡಿಮೆ ಮಾಡಿಸಬಹುದೇ?

ಕಷ್ಟ. ಜೀವನಾಂಶದ ಆದೇಶ ಬಂದ ಬೆನ್ನಿಗೇ ರಾಜೀನಾಮೆ ಕೊಟ್ಟಿದ್ದರಂತೂ ತಪ್ಪಿಸಿಕೊಳ್ಳಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಭಾವಿಸಿ, ಹಿಂದಿನ ಸಂಬಳವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು. ಹಾಸಿಗೆ ಹಿಡಿದ ತಂದೆ ತಾಯಿಯ ಆರೈಕೆಗೆ ಊರಿಗೆ ಹೋಗಬೇಕಾಯಿತು, ಕಂಪನಿಯೇ ಒತ್ತಾಯಿಸಿ ರಾಜೀನಾಮೆ ಬರೆಸಿಕೊಂಡಿತು ಎಂಬಂತಹ ಕಾರಣವಿದ್ದರೆ ಅದಕ್ಕೆ ಪುರಾವೆ ಕೊಡಿ. ಐಟಿ ವಲಯದಲ್ಲಿ ಈ ಎರಡನೆಯದು ಸಾಮಾನ್ಯ. ಅಂದಿನ ಇಮೇಲ್‌ಗಳು, ಸಂದೇಶಗಳು ಕಂಪನಿಯ ಲ್ಯಾಪ್‌ಟಾಪ್ ಹಿಂದಿರುಗಿಸುವ ಮುನ್ನ ನಿಮ್ಮ ಬಳಿ ಇರಲಿ.

ಮನೆ ಸಾಲದ ಕಂತು, ಕಾರಿನ ಕಂತು ಇದೆ. ಅವನ್ನು ಕಳೆದು ಉಳಿದದ್ದನ್ನು ಲೆಕ್ಕ ಹಿಡಿಯುವುದಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಆದಾಯ ತೆರಿಗೆ, ಕಡ್ಡಾಯ ಭವಿಷ್ಯ ನಿಧಿಯಂತಹ ಕಡಿತಗಳನ್ನು ಬಿಡುತ್ತಾರೆ. ನೀವಾಗಿಯೇ ಮಾಡಿಕೊಂಡ ಸಾಲದ ಕಂತು ಮಗುವಿನ ಊಟಕ್ಕಿಂತ ಮುಂದೆ ನಿಲ್ಲುವುದಿಲ್ಲ. ಕೆಲಸ ಹೋದಾಗ ಬಂದ ಪರಿಹಾರದ ಇಡುಗಂಟನ್ನು ಪೂರ್ತಿ ಸಾಲಕ್ಕೆ ಕಟ್ಟಿ, ಮಗುವಿಗೆ ಕೊಡಲು ಏನೂ ಉಳಿದಿಲ್ಲ ಎನ್ನುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಆ ಹಣದಲ್ಲಿ ಮೊದಲು ಕೆಲವು ತಿಂಗಳ ಜೀವನಾಂಶವನ್ನು ಎತ್ತಿಡಿ.

ಈಗಾಗಲೇ ಎಂಟು ತಿಂಗಳ ಬಾಕಿ ಇದೆ. ಅದು ಮನ್ನಾ ಆಗುತ್ತದೆಯೇ?

ಆಸೆ ಇಟ್ಟುಕೊಳ್ಳಬೇಡಿ. ಮೊತ್ತ ಇಳಿಸುವ ಆದೇಶ ಸಾಮಾನ್ಯವಾಗಿ ಮುಂದಿನ ತಿಂಗಳುಗಳಿಗೆ, ಹೆಚ್ಚೆಂದರೆ ನೀವು ಅರ್ಜಿ ಹಾಕಿದ ದಿನದಿಂದ ಅನ್ವಯವಾಗುತ್ತದೆ. ಅದಕ್ಕೂ ಹಿಂದಿನದು ಬಾಕಿಯಾಗಿಯೇ ಉಳಿಯುತ್ತದೆ. ಕಂತುಗಳಲ್ಲಿ ಕಟ್ಟಲು ಅವಕಾಶ ಕೇಳಿ, ಕೇಳಿದ ದಿನವೇ ಮೊದಲ ಕಂತನ್ನು ಕಟ್ಟಿ.

ಕಟ್ಟದಿದ್ದರೆ ಜೈಲಿಗೆ ಹಾಕುತ್ತಾರೆಯೇ?

ಹಾಕಬಹುದು. 144ನೇ ಕಲಮಿನ ಪ್ರಕಾರ ಮೊದಲು ದಂಡ ವಸೂಲಿಯ ಮಾದರಿಯಲ್ಲಿ ವಾರಂಟು ಹೊರಡುತ್ತದೆ. ನ್ಯಾಯಾಲಯದ ಆವರಣದಲ್ಲಿ ಎಫ್‌ಎಲ್‌ಡಬ್ಲ್ಯು ಎನ್ನುವುದು ಇದನ್ನೇ. ವಾರಂಟು ಜಾರಿಯಾದ ಮೇಲೂ ಬಾಕಿ ಉಳಿದರೆ ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮೊದಲು ಹಣ ಕಟ್ಟುವವರೆಗೆ ಸೆರೆವಾಸ ವಿಧಿಸಬಹುದು. ಜೈಲಿನಲ್ಲಿ ಇದ್ದು ಬಂದರೆ ಸಾಲ ತೀರಿತು ಎಂದು ಹಲವರು ನಂಬಿದ್ದಾರೆ. ತೀರುವುದಿಲ್ಲ. ಸೆರೆವಾಸವು ಹಣ ಕಟ್ಟಿಸುವ ದಾರಿಯೇ ಹೊರತು ಹಣಕ್ಕೆ ಬದಲಿಯಲ್ಲ ಎಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ.

ಸಂಬಳದ ಜಪ್ತಿಯೂ ಸಾಧ್ಯ. ಬೇರೆ ಸಾಲಗಳಿಗೆ ಹೋಲಿಸಿದರೆ ಜೀವನಾಂಶದ ಡಿಕ್ರಿಗೆ ಕಾನೂನು ಹೆಚ್ಚು ಬಿಗಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ.

ಸಮನ್ಸ್ ಬಂದರೆ ಅಡಗಿ ಕೂರಬೇಡಿ. ನೀವು ಹಾಜರಾಗದೆ ಏಕಪಕ್ಷೀಯ ಆದೇಶವಾದರೆ ಅದನ್ನು ತೆರವು ಮಾಡಿಸಲು ಮೂರು ತಿಂಗಳೊಳಗೆ, ಒಪ್ಪುವಂತಹ ಕಾರಣದೊಂದಿಗೆ ಅರ್ಜಿ ಹಾಕಬೇಕು.

ಅವಳಿಗೆ ಒಳ್ಳೆಯ ಸಂಬಳವಿದೆ. ಆದರೂ ನಾನೇ ಕೊಡಬೇಕೇ?

ಮಗುವನ್ನು ಸಾಕುವುದು ಇಬ್ಬರ ಹೊಣೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ತಂದೆ ತಾಯಿ ಇಬ್ಬರನ್ನೂ ಹೊಣೆ ಮಾಡುತ್ತದೆ. ತಾಯಿ ಸಾಕಷ್ಟು ದುಡಿಯುತ್ತಿದ್ದರೆ ಮಗುವಿನ ಶಿಕ್ಷಣದ ಖರ್ಚನ್ನು ಇಬ್ಬರ ಆದಾಯದ ಅನುಪಾತದಲ್ಲಿ ಹಂಚಬಹುದು ಎಂದು ರಜನೀಶ್ ತೀರ್ಪೂ ಹೇಳುತ್ತದೆ. ನಿಮ್ಮ ಆದಾಯ ಕುಸಿದಾಗ ಈ ಅನುಪಾತ ಬದಲಾಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಆದರೆ ಅವಳ ಸಂಬಳದ ಕಾರಣಕ್ಕೆ ನಿಮ್ಮ ಪಾಲು ಸೊನ್ನೆಯಾಗಬೇಕೆಂಬ ವಾದ ನಿಲ್ಲುವುದು ಅಪರೂಪ. ಮಗುವನ್ನು ದಿನವೂ ಎಬ್ಬಿಸಿ, ಉಣ್ಣಿಸಿ, ಜ್ವರ ಬಂದಾಗ ರಜೆ ಹಾಕಿ ಕೂರುವವರ ದುಡಿಮೆಗೂ ಲೆಕ್ಕವಿದೆ ಎಂಬುದನ್ನು ನೆನಪಿಡಿ.

ಮಗುವನ್ನು ನೋಡಲು ಬಿಡುತ್ತಿಲ್ಲ. ಹಣ ನಿಲ್ಲಿಸಬಹುದೇ?

ಬೇಡ. ಭೇಟಿಯ ಹಕ್ಕಿಗೆ ಬೇರೆ ಅರ್ಜಿ ಇದೆ, ಅದನ್ನು ಹಾಕಿ. ಹಣ ಬಂದಿಲ್ಲವೆಂದು ಮಗುವನ್ನು ತೋರಿಸದಿರುವುದೂ ಅಷ್ಟೇ ತಪ್ಪು. ಕೆಲಸ ಕಳೆದುಕೊಂಡ ತಂದೆಯನ್ನು ಮಗು ಆ ತಿಂಗಳೂ ನೋಡಬೇಕು. ಬರಿಗೈಯಲ್ಲಿ ಹೋಗಲು ನಾಚಿಕೆಯೆಂದು ಭೇಟಿಗಳನ್ನು ತಪ್ಪಿಸುವ ತಂದೆಯರಿದ್ದಾರೆ. ದಯವಿಟ್ಟು ಹೋಗಿ. ಉಡುಗೊರೆ ಇಲ್ಲದಿದ್ದರೂ ನಡೆಯುತ್ತದೆ.

ನಾನು ತಾಯಿ. ಮೂರು ತಿಂಗಳಿಂದ ಹಣ ಬಂದಿಲ್ಲ. ಕೆಲಸ ಹೋಗಿದೆ ಎನ್ನುತ್ತಾರೆ. ಏನು ಮಾಡಲಿ?

ಮೊದಲು ಗಡುವಿನ ಮೇಲೆ ಕಣ್ಣಿಡಿ. 144ನೇ ಕಲಮಿನಡಿ ವಾರಂಟು ಬೇಕಾದರೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಪಾಪ, ಕೆಲಸ ಸಿಗಲಿ, ಆಮೇಲೆ ಕೇಳೋಣ’ ಎಂದು ಕಾದು ಆ ವರ್ಷವನ್ನು ಕಳೆದುಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ. ಅರ್ಜಿ ಹಾಕಿಟ್ಟುಕೊಂಡೇ ಕರುಣೆ ತೋರಬಹುದು, ಕಂತುಗಳಿಗೆ ಒಪ್ಪಬಹುದು.

ಅವರ ಮಾತಿನಲ್ಲಿ ಅನುಮಾನವಿದ್ದರೆ ಹೊಸ ಪ್ರಮಾಣಪತ್ರ ಸಲ್ಲಿಸುವಂತೆ, ಬ್ಯಾಂಕ್ ಖಾತೆಗಳ ವಿವರ ಕೊಡುವಂತೆ, ಹಿಂದಿನ ಕಂಪನಿಯಿಂದ ದಾಖಲೆ ತರಿಸುವಂತೆ ನ್ಯಾಯಾಲಯವನ್ನು ಕೇಳಿ. ಕೆಲಸ ಹೋದದ್ದು ನಿಜವೆಂದು ಗೊತ್ತಾದರೆ ಹಟಕ್ಕೆ ಬೀಳದೆ, ತಾತ್ಕಾಲಿಕವಾಗಿ ಕಡಿಮೆ ಮೊತ್ತ ಮತ್ತು ಕೆಲಸ ಸಿಕ್ಕ ಕೂಡಲೇ ತಿಳಿಸುವ ಷರತ್ತು, ಇಷ್ಟನ್ನು ಬರಹದಲ್ಲಿ ಪಡೆಯುವುದು ಜಾಣತನ. ಪ್ರತಿ ತಿಂಗಳು ಖಚಿತವಾಗಿ ಬರುವ ಐದು ಸಾವಿರವು ಕಾಗದದ ಮೇಲಿನ ಹದಿನೈದು ಸಾವಿರಕ್ಕಿಂತ ಮನೆ ನಡೆಸಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನಗೆ ತಿಂಗಳ ಸಂಬಳವೇ ಇಲ್ಲ. ಆಟೊ ಓಡಿಸುತ್ತೇನೆ, ಅಡಿಕೆ ತೋಟವಿದೆ. ಆದಾಯ ಬಿದ್ದದ್ದನ್ನು ಹೇಗೆ ತೋರಿಸಲಿ?

ಆಟೊ, ಕ್ಯಾಬ್ ಚಾಲಕರು ಆ್ಯಪ್‌ನ ವಾರದ ಗಳಿಕೆಯ ವಿವರ, ವಾಹನ ಸಾಲದ ಖಾತೆ, ರಿಪೇರಿ ಬಿಲ್ಲು ಕೊಡಬಹುದು. ರೈತರು ಮಂಡಿಯ ಪಟ್ಟಿ, ಸಹಕಾರ ಸಂಘದ ಪಾವತಿ, ಬೆಳೆ ವಿಮೆಯ ಕಾಗದ, ಕೊಳೆ ರೋಗ ಅಥವಾ ಬರದಿಂದ ಹಾನಿಯಾಗಿದ್ದರೆ ಅದರ ದಾಖಲೆಯನ್ನು ಕೊಡಬಹುದು. ವರ್ಷಕ್ಕೊಮ್ಮೆ ಹಣ ಬರುವ ಕಸುಬಿನಲ್ಲಿ, ಫಸಲು ಮಾರಿದ ತಿಂಗಳಲ್ಲಿ ಹೆಚ್ಚು, ಉಳಿದ ತಿಂಗಳಲ್ಲಿ ಕಡಿಮೆ ಎಂಬ ಏರ್ಪಾಡನ್ನು ಮಧ್ಯಸ್ಥಿಕೆಯಲ್ಲಿ ಮುಂದಿಡಿ. ಮಾಸಿಕ ಮೊತ್ತಕ್ಕೆ ಒಪ್ಪಿ ತಪ್ಪುವುದಕ್ಕಿಂತ ಅದು ಲೇಸು.

ನಾನು ದುಬೈಯಲ್ಲಿದ್ದೇನೆ, ಕೆಲಸ ಹೋಗಿದೆ. ಊರಿಗೆ ಬರದೆ ಅರ್ಜಿ ಹಾಕಬಹುದೇ?

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಕೇಳುವ ಪ್ರಶ್ನೆ ಇದು. ಅಧಿಕಾರಪತ್ರ ಕೊಟ್ಟು ವಕೀಲರ ಮೂಲಕ ಅರ್ಜಿ ಹಾಕಬಹುದು, ನ್ಯಾಯಾಲಯ ಅನುಮತಿಸಿದರೆ ವಿಡಿಯೊ ಮೂಲಕ ಹಾಜರಾಗಬಹುದು. ಆದೇಶವೇ ವಿದೇಶದ್ದಾದರೆ ಅಲ್ಲಿನ ನಿಯಮ ನೋಡಬೇಕು. ಅಮೆರಿಕದಲ್ಲಿ 1986ರ ಒಕ್ಕೂಟ ಕಾನೂನಿನಿಂದಾಗಿ ಅರ್ಜಿಯ ನೋಟಿಸಿಗೂ ಹಿಂದಿನ ಬಾಕಿಯನ್ನು ನ್ಯಾಯಾಧೀಶರೂ ಇಳಿಸಲಾರರು. ಬಾಕಿ 2,500 ಡಾಲರ್ ದಾಟಿದರೆ ಅಮೆರಿಕದ ಪಾಸ್‌ಪೋರ್ಟ್ ಸಿಗುವುದು ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರಿ ಸಂಸ್ಥೆಯ ಮೂಲಕ ಮೊತ್ತ ಗೊತ್ತಾಗಿದ್ದರೆ, ಆದಾಯ ಶೇ 25ರಷ್ಟು ಅಥವಾ ಅದಕ್ಕಿಂತ ಹೆಚ್ಚು ಬದಲಾದಾಗ ಮರು ಲೆಕ್ಕ ಕೇಳಬಹುದು.

ಮಗು ಎಷ್ಟು ವಯಸ್ಸಿನವರೆಗೆ?

ಸಾಮಾನ್ಯವಾಗಿ 18 ತುಂಬುವವರೆಗೆ. ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆಯಿಂದ ದುಡಿಯಲಾಗದ ಮಗುವಿಗೆ ಆಮೇಲೂ ಉಂಟು. ಹಿಂದೂ ಕಾಯ್ದೆಯಡಿ ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಮದುವೆಯವರೆಗೂ ಹಕ್ಕಿದೆ. 144ನೇ ಕಲಮಿಗೆ ಜಾತಿ ಧರ್ಮದ ಭೇದವಿಲ್ಲ. ತಂದೆ ತಾಯಿ ಮದುವೆಯಾಗಿದ್ದರೋ ಇಲ್ಲವೋ ಎಂಬುದೂ ಮಗುವಿನ ಹಕ್ಕಿಗೆ ಅಡ್ಡಬರುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ.

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲೇ ಕಾನೂನು ಸೇವಾ ಸಮಿತಿ, ಪ್ರಾಧಿಕಾರದ ಕಚೇರಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದ ಗಂಡಸರಿಗೆ ವಾರ್ಷಿಕ ಆದಾಯದ ಮಿತಿ ಇದೆ. ಕೆಲಸ ಹೋದವರು ಆ ಮಿತಿಯೊಳಗೆ ಬರುವ ಸಾಧ್ಯತೆ ಇರುವುದರಿಂದ ಸಂಕೋಚವಿಲ್ಲದೆ ಕೇಳಿ. ಸಹಾಯವಾಣಿಯ ಸಂಖ್ಯೆ 15100.

ಮತ್ತೆ ಕೆಲಸ ಸಿಕ್ಕಿತು. ನಾನಾಗಿಯೇ ಹೇಳಬೇಕೇ?

ಆದೇಶದಲ್ಲಿ ಷರತ್ತಿದ್ದರೆ ಹೇಳಲೇಬೇಕು. ಇಲ್ಲದಿದ್ದರೂ ಹೇಳಿ. ಮುಚ್ಚಿಟ್ಟದ್ದು ತಿಳಿದರೆ ತಾಯಿ ಮೊತ್ತ ಹೆಚ್ಚಿಸಲು ಅದೇ 146ನೇ ಕಲಮಿನಡಿ ಬರುತ್ತಾಳೆ, ಮುಂದೊಮ್ಮೆ ನೀವು ನಿಜವಾದ ಕಷ್ಟ ಹೇಳಿಕೊಂಡಾಗ ಯಾರೂ ಕೇಳುವುದಿಲ್ಲ. ಮೊದಲ ಸಂಬಳ ಬಂದ ವಾರದಲ್ಲಿ ಹೊಸ ಮೊತ್ತಕ್ಕೆ ಜಂಟಿ ಮೆಮೊ ಸಲ್ಲಿಸಿ, ಹಳೆಯ ಬಾಕಿ ಇದ್ದರೆ ತಿಂಗಳಿಗೆ ಎಷ್ಟು ಸೇರಿಸಿ ತೀರಿಸುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ.